ಕೊನೆ ಗೊತ್ತಿದ್ದರೂ ನಿದ್ದೆ ಕೆಡಿಸುವ ಸರಣಿಗಳು

ನಮ್ಮ ಹಾಸ್ಟೆಲ್‌ನಲ್ಲಿ ಒಂದು ಕ್ರೈಂ ಸೀರೀಸ್‌ನ ಆಯಸ್ಸು ಹೆಚ್ಚೆಂದರೆ ಎರಡು ದಿನ. ಶುಕ್ರವಾರ ಬಿಡುಗಡೆಯಾದರೆ ಭಾನುವಾರ ಬೆಳಿಗ್ಗೆ ಇಡ್ಲಿಗೆ ನಿಂತ ಸಾಲಿನಲ್ಲೇ ಯಾರೋ ಒಬ್ಬಳು ಕೊಲೆಗಾರನ ಹೆಸರನ್ನು ಜೋರಾಗಿ ಹೇಳಿಬಿಟ್ಟಿರುತ್ತಾಳೆ. ಆಮೇಲೆ ‘ಅಯ್ಯೋ, ನೀನಿನ್ನೂ ನೋಡಿಲ್ವಾ?’ ಅಂತ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ನೂರು ಜನರಿರುವ ಜಾಗದಲ್ಲಿ ಸಸ್ಪೆನ್ಸ್ ಕಾಪಾಡಿಕೊಳ್ಳುವುದು ಮೆಸ್‌ನಲ್ಲಿ ಎರಡನೇ ಚಪಾತಿ ಗಿಟ್ಟಿಸುವುದಕ್ಕಿಂತ ಕಷ್ಟ.

ಹಾಗಾಗಿ ನಾನು ನನ್ನದೇ ಒಂದು ಪರೀಕ್ಷೆ ಮಾಡಿಕೊಂಡಿದ್ದೇನೆ. ಕೊಲೆ ಮಾಡಿದ್ದು ಯಾರು, ದೆವ್ವ ಯಾವುದು ಎಂಬುದು ಮೊದಲೇ ಗೊತ್ತಾದರೂ ನೋಡಬೇಕು ಅನಿಸುತ್ತದೆಯೇ? ಹೌದು ಎಂದಾದರೆ ಅದು ನೋಡಲೇಬೇಕಾದ ಸರಣಿ. ಅನಿಸದಿದ್ದರೆ ಅದು ಬರೀ ಒಗಟು. ಉತ್ತರ ಸಿಕ್ಕಿತಲ್ಲ, ಎಂಟು ಗಂಟೆ ಉಳಿಯಿತು, ಹೋಗಿ ಮ್ಯಾಥ್ಸ್ ಓದಬಹುದು.

ಈ ಪರೀಕ್ಷೆ ನನಗೆ ಹೊಳೆದದ್ದು ಅಪ್ಪನಿಂದ. ಅವರು ತಾಲ್ಲೂಕು ಕೇಂದ್ರವೊಂದರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ರಜೆಗೆ ಮನೆಗೆ ಹೋದಾಗ ನಾನು ಸೀರೀಸ್ ಹಚ್ಚಿದರೆ ಪಕ್ಕದಲ್ಲಿ ಕೂತು, ಹೀರೊ ಗಾಗಲ್ ಹಾಕಿಕೊಂಡು ಜೀಪಿನಿಂದ ಹಾರಿದ ಕೂಡಲೇ ಎದ್ದು ಹೋಗಿಬಿಡುತ್ತಾರೆ. ಒಮ್ಮೆ ಅವರೇ ಹೇಳಿದರು: ‘ಯಾರು ಮಾಡಿದ್ದು ಅಂತ ಬಹಳಷ್ಟು ಕೇಸಲ್ಲಿ ಎರಡೇ ದಿನಕ್ಕೆ ಗೊತ್ತಾಗುತ್ತಮ್ಮ. ಕಷ್ಟ ಶುರುವಾಗೋದು ಆಮೇಲೆ.’ ಅಂದಿನಿಂದ ನಾನು ‘ಆಮೇಲೆ’ ಏನಾಗುತ್ತದೆ ಎಂದು ತೋರಿಸುವ ಸರಣಿಗಳನ್ನೇ ಹುಡುಕುತ್ತೇನೆ. ಅಂಥ ಕೆಲವು ಇಲ್ಲಿವೆ.

ಪತ್ರಿಕೆಯಲ್ಲಿ ಓದಿದ ಕಥೆ

ಮೊದಲ ಹೆಸರು ‘ಡೆಲ್ಲಿ ಕ್ರೈಂ’. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಇದರ ಮೊದಲ ಸೀಸನ್‌ನಲ್ಲಿ 7 ಕಂತುಗಳು. ನಿರ್ದೇಶಕ ರಿಚಿ ಮೆಹ್ತಾ. ಕಥೆ 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಅತ್ಯಾಚಾರ ಪ್ರಕರಣದ್ದು. ಆರೋಪಿಗಳು ಸಿಕ್ಕರು, 2020ರ ಮಾರ್ಚ್‌ನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು ಎಂಬುದು ದೇಶಕ್ಕೇ ಗೊತ್ತು. ಹಾಗಿದ್ದರೂ ಏಳೂ ಕಂತು ಉಸಿರು ಬಿಗಿಹಿಡಿದು ನೋಡುತ್ತೇವೆ. ಯಾಕೆಂದರೆ ಇಲ್ಲಿರುವುದು ಕೆಲಸ. ರಸ್ತೆಯ ಸಿಸಿಟಿವಿ ದೃಶ್ಯಗಳಲ್ಲಿ ಸಾವಿರ ವಾಹನಗಳ ನಡುವೆ ಒಂದು ಬಿಳಿ ಬಸ್ಸನ್ನು ಹುಡುಕುವುದು, ನಿದ್ದೆಯಿಲ್ಲದ ಸಿಬ್ಬಂದಿಯನ್ನು ಬೇರೆ ರಾಜ್ಯಕ್ಕೆ ಓಡಿಸುವುದು, ಹೊರಗೆ ಪ್ರತಿಭಟನೆ, ಒಳಗೆ ಮೇಲಧಿಕಾರಿಗಳ ಫೋನು.

ಡಿಸಿಪಿ ವರ್ತಿಕಾ ಚತುರ್ವೇದಿ ಪಾತ್ರದ ಶೆಫಾಲಿ ಶಾ ಅವರ ಕಣ್ಣಿನ ಕೆಳಗಿನ ಕಪ್ಪು ಕಂತಿನಿಂದ ಕಂತಿಗೆ ದಟ್ಟವಾಗುವಂತೆ ಕಾಣುತ್ತದೆ. ಇನ್ನೊಂದು ಮಾತು: ಆ ರಾತ್ರಿಯ ಕ್ರೌರ್ಯವನ್ನು ಸರಣಿ ತೋರಿಸುವುದಿಲ್ಲ. ವೈದ್ಯರ, ಪೊಲೀಸರ ಮುಖ ನೋಡಿಯೇ ನಮಗೆ ಅರ್ಥವಾಗಬೇಕು. ರಕ್ತ ಚೆಲ್ಲಿದಷ್ಟೂ ಭಯ ಹೆಚ್ಚು ಎಂದುಕೊಂಡ ಸರಣಿಗಳೆಲ್ಲ ಇದನ್ನು ನೋಡಿ ಕಲಿಯಬೇಕು. 2020ರಲ್ಲಿ ಇದಕ್ಕೆ ಅತ್ಯುತ್ತಮ ನಾಟಕ ಸರಣಿ ವಿಭಾಗದ ಅಂತರರಾಷ್ಟ್ರೀಯ ಎಮಿ ಪ್ರಶಸ್ತಿ ಬಂತು. ಭಾರತದ ಸರಣಿಯೊಂದಕ್ಕೆ ಆ ವಿಭಾಗದಲ್ಲಿ ಅದೇ ಮೊದಲು.

ಯಾರೂ ಹುಡುಕದ ಹುಡುಗಿಯರು

‘ದಹಾಡ್’ (ಅಮೆಜಾನ್ ಪ್ರೈಮ್, 2023, 8 ಕಂತು) ಹಂತಕನನ್ನು ಶುರುವಿನಲ್ಲೇ ನಮ್ಮ ಮುಂದೆ ತಂದು ನಿಲ್ಲಿಸುತ್ತದೆ. ವಿಜಯ್ ವರ್ಮಾ ನಟಿಸಿರುವ ಆತ ಕಾಲೇಜಿನಲ್ಲಿ ಹಿಂದಿ ಪಾಠ ಮಾಡುವ ಮೇಷ್ಟ್ರು. ಮೃದು ಮಾತು, ಊರಲ್ಲಿ ಒಳ್ಳೆ ಹೆಸರು. ರಾಜಸ್ಥಾನದ ಸಣ್ಣ ಊರುಗಳಲ್ಲಿ ಮದುವೆಯಾಗದ ಬಡ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಸಾರ್ವಜನಿಕ ಶೌಚಾಲಯಗಳಲ್ಲಿ ಶವ ಸಿಗುತ್ತದೆ. ಆತ್ಮಹತ್ಯೆ ಎಂದು ಫೈಲು ಮುಚ್ಚುತ್ತಾರೆ.

ಓದುತ್ತಿದ್ದಂತೆ ಎಲ್ಲೋ ಕೇಳಿದಂತಿದೆಯಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ನಮ್ಮದೇ ದಕ್ಷಿಣ ಕನ್ನಡದ ‘ಸಯನೈಡ್ ಮೋಹನ್’ ಪ್ರಕರಣದ ನೆರಳು ಇದರ ಮೇಲೆ ದಟ್ಟವಾಗಿದೆ. ಶಾಲಾ ಶಿಕ್ಷಕನಾಗಿದ್ದ ಆತ 2009ರಲ್ಲಿ ಸಿಕ್ಕಿಬಿದ್ದ. 20 ಯುವತಿಯರ ಕೊಲೆ ಪ್ರಕರಣಗಳು ಅವನ ಮೇಲೆ ದಾಖಲಾದವು. ಮದುವೆಯಾಗುವುದಾಗಿ ನಂಬಿಸಿ ಬೇರೆ ಊರಿಗೆ ಕರೆದೊಯ್ಯುವುದು, ಗರ್ಭ ತಡೆಯುವ ಮಾತ್ರೆ ಎಂದು ಸಯನೈಡ್ ಕೊಟ್ಟು ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳಿಸುವುದು ಅವನ ರೀತಿ. ಬೇರೆ ಬೇರೆ ಊರುಗಳಲ್ಲಿ ಸಿಕ್ಕ ಶವಗಳನ್ನು ಒಂದೇ ದಾರದಲ್ಲಿ ಪೋಣಿಸಿ ನೋಡಲು ವರ್ಷಗಳೇ ಬೇಕಾದವು.

ಯಾಕೆ ಅಷ್ಟು ವರ್ಷ? ‘ದಹಾಡ್’ ಕೇಳುವ ಪ್ರಶ್ನೆಯೂ ಇದೇ. ಮಗಳು ಓಡಿಹೋದಳು ಎಂದು ದೂರು ಕೊಟ್ಟರೆ ಮಾನ ಹೋಗುತ್ತದೆ ಎಂದು ಮನೆಯವರು ಸುಮ್ಮನಾಗುತ್ತಾರೆ. ವರದಕ್ಷಿಣೆ ಉಳಿಯಿತು ಎಂಬ ಪಿಸುಮಾತೂ ಇರುತ್ತದೆ. ತನಿಖೆ ನಡೆಸುವ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿಯ (ಸೋನಾಕ್ಷಿ ಸಿನ್ಹಾ) ಮನೆಯಲ್ಲೂ ಮದುವೆ ಯಾವಾಗ ಎಂಬ ಒತ್ತಡ. ಹಿಂದುಳಿಸಲ್ಪಟ್ಟ ಜಾತಿಯಿಂದ ಬಂದ ಈ ಅಧಿಕಾರಿ ಹಾದುಹೋದರೆ ಠಾಣೆಯ ಪೇದೆಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಆ ಊದುಬತ್ತಿಯ ದೃಶ್ಯಕ್ಕೆ ಹಿನ್ನೆಲೆ ಸಂಗೀತದ ಅಬ್ಬರ ಬೇಕಿಲ್ಲ, ಮೈ ಉರಿಯುತ್ತದೆ. ಇದು ಹುಡುಗಿಯರು ಮಾತ್ರ ನೋಡಬೇಕಾದ ಸರಣಿ ಅಲ್ಲ. ಅಣ್ಣ, ತಮ್ಮ, ಅಪ್ಪ ಎಲ್ಲರನ್ನೂ ಕೂರಿಸಿಕೊಂಡು ನೋಡಿ.

ಪರೀಕ್ಷೆಗೆ ಓದುವ ಪೊಲೀಸ್

ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸಿರುವ ಗೆಳೆಯರಿಗೆ ನಾನು ಕೊಡುವ ಹೆಸರು ‘ಪಾತಾಳ್ ಲೋಕ್’ (ಅಮೆಜಾನ್ ಪ್ರೈಮ್, 2020, ಮೊದಲ ಸೀಸನ್ 9 ಕಂತು). ದೆಹಲಿಯ ಯಮುನೆಯಾಚೆಯ, ಯಾರಿಗೂ ಬೇಡವಾದ ಠಾಣೆ. ಅಲ್ಲಿನ ಇನ್‌ಸ್ಪೆಕ್ಟರ್ ಹಾಥಿರಾಮ್ ಚೌಧರಿಗೆ (ಜೈದೀಪ್ ಅಹ್ಲಾವತ್) ಬಡ್ತಿಯಿಲ್ಲ, ಹೆಸರಿಲ್ಲ, ಮನೆಯಲ್ಲಿ ಮಗನೂ ಮಾತಾಡುವುದಿಲ್ಲ. ಅಂಥವನ ಕೈಗೆ ದೊಡ್ಡ ಕೇಸು ಬೀಳುತ್ತದೆ. ಟಿವಿ ಪತ್ರಕರ್ತನೊಬ್ಬನ ಕೊಲೆಗೆ ಹೊರಟಿದ್ದ ನಾಲ್ವರು ಸಿಕ್ಕಿಬಿದ್ದಿದ್ದಾರೆ. ಆರೋಪಿಗಳು ಮೊದಲ ಕಂತಿನಲ್ಲೇ ಕಂಬಿ ಎಣಿಸುತ್ತಿದ್ದಾರೆ. ಇನ್ನೇನು ಉಳಿಯಿತು? ಅವರು ಯಾಕೆ ಹೀಗಾದರು ಎಂಬುದು ಉಳಿಯಿತು. ಪ್ರತಿಯೊಬ್ಬನ ಬಾಲ್ಯಕ್ಕೆ ಹೋದಾಗಲೂ ಒಂದೊಂದು ಊರಿನ ಜಾತಿ, ಬಡತನ, ರಾಜಕೀಯ ಬಿಚ್ಚಿಕೊಳ್ಳುತ್ತದೆ.

ಅವನ ಜೊತೆಗಿರುವ ಇಮ್ರಾನ್ ಅನ್ಸಾರಿ (ಇಶ್ವಾಕ್ ಸಿಂಗ್) ಡ್ಯೂಟಿ ಮಾಡುತ್ತಲೇ ನಾಗರಿಕ ಸೇವಾ ಪರೀಕ್ಷೆಗೆ ಓದುವ ಯುವಕ. ಸಹೋದ್ಯೋಗಿಗಳು ಅವನ ಧರ್ಮದ ಬಗ್ಗೆ ಆಡುವ ಮಾತನ್ನು ಕೇಳಿಸಿಕೊಂಡೂ ಕೇಳಿಸದಂತೆ ಫೈಲಿನತ್ತ ತಿರುಗುತ್ತಾನೆ. ನಾನು ಕೇಸಿನ ಕೊನೆಯನ್ನು ಅರ್ಧ ಮರೆತಿದ್ದೇನೆ, ಅನ್ಸಾರಿಯ ಆ ಮೌನವನ್ನು ಮರೆತಿಲ್ಲ. 2025ರಲ್ಲಿ ಬಂದ ಎರಡನೇ ಸೀಸನ್ ಕಥೆಯನ್ನು ನಾಗಾಲ್ಯಾಂಡಿಗೆ ಒಯ್ಯುತ್ತದೆ. ಅದನ್ನೂ ನೋಡಿ, ಆದರೆ ಮೊದಲನೆಯದನ್ನು ಮುಗಿಸಿಯೇ ನೋಡಿ.

ಒಂದು ಸುಳ್ಳು ವಿಳಾಸ

ಇಂಟರ್ನಲ್ಸ್ ಹತ್ತಿರವಿದೆ, ಸಮಯವಿಲ್ಲ ಅನ್ನುವವರಿಗೆ ಮಲಯಾಳಂನ ‘ಕೇರಳ ಕ್ರೈಂ ಫೈಲ್ಸ್’ ಮೊದಲ ಸೀಸನ್ (2023). ಬರೀ 6 ಕಂತು, ಒಂದೊಂದೂ ಸುಮಾರು ಅರ್ಧ ಗಂಟೆ. ಎರ್ನಾಕುಲಂನ ಲಾಡ್ಜ್ ಒಂದರಲ್ಲಿ ಲೈಂಗಿಕ ಕಾರ್ಯಕರ್ತೆಯೊಬ್ಬಳ ಕೊಲೆಯಾಗಿದೆ. ಪೊಲೀಸರ ಬಳಿ ಇರುವುದು ಲಾಡ್ಜ್ ರಿಜಿಸ್ಟರಿನಲ್ಲಿ ಬರೆದ ಒಂದು ವಿಳಾಸ. ಅದೂ ಸುಳ್ಳು. ಆ ಒಂದು ಸಾಲಿನ ಬೆನ್ನು ಹತ್ತಿ ಲಾಲ್ ಮತ್ತು ಅಜು ವರ್ಗೀಸ್ ನಟಿಸಿದ ಪೊಲೀಸರು ಊರೂರು ಸುತ್ತುತ್ತಾರೆ. ಗಾಗಲ್ ಇಲ್ಲ, ಸ್ಲೋ ಮೋಷನ್ ಇಲ್ಲ. ಸತ್ತವಳು ಯಾರು ಎಂಬ ಕಾರಣಕ್ಕೆ ಕೇಸನ್ನು ಹಗುರವಾಗಿ ತೆಗೆದುಕೊಳ್ಳುವುದೂ ಇಲ್ಲ. ಅಪ್ಪ ಪೂರ್ತಿ ಕೂತು ನೋಡಿದ ಮೊದಲ ಸರಣಿ ಇದು. ಕೊನೆಯಲ್ಲಿ ‘ಹ್ಞಾಂ, ಹೀಗೇ’ ಅಂದರು. ಅವರ ಬಾಯಿಂದ ಅದು ಐದು ಸ್ಟಾರ್.

ವಾಸ್ತವವೇ ಬರೆದ ಕೊನೆ

ಕೊರಿಯಾದ ಸರಣಿಗಳೆಂದರೆ ಬರೀ ಪ್ರೀತಿ ಪ್ರೇಮ ಎಂದುಕೊಂಡವರು ‘ಸಿಗ್ನಲ್’ (2016, 16 ಕಂತು) ನೋಡಬೇಕು. ಇಂದಿನ ಪೊಲೀಸ್ ಪ್ರೊಫೈಲರ್ ಒಬ್ಬನಿಗೆ ಹಳೆಯ ವಾಕಿಟಾಕಿಯಲ್ಲಿ ಹಿಂದಿನ ಕಾಲದ ಪತ್ತೇದಾರನ ದನಿ ಕೇಳಿಸುತ್ತದೆ. ಆ ವಾಕಿಟಾಕಿಯಲ್ಲಿ ಬ್ಯಾಟರಿಯೇ ಇಲ್ಲ! ಹೇಗೆ ಕೆಲಸ ಮಾಡುತ್ತದೆ ಎಂದು ಎಲೆಕ್ಟ್ರಾನಿಕ್ಸ್ ಬ್ರಾಂಚಿನವರು ದಯವಿಟ್ಟು ಕೇಳಬಾರದು. ಇಬ್ಬರೂ ಸೇರಿ ಮುಚ್ಚಿಹೋದ ಕೇಸುಗಳನ್ನು ತೆರೆಯುತ್ತಾರೆ.

ಅದರಲ್ಲಿ ಒಂದು ಕೇಸು ಹ್ವಾಸಾಂಗ್ ಎಂಬಲ್ಲಿ 1986ರಿಂದ 1991ರವರೆಗೆ ನಡೆದ ಮಹಿಳೆಯರ ಸರಣಿ ಕೊಲೆಗಳಿಂದ ಪ್ರೇರಿತ. ಸರಣಿ ಪ್ರಸಾರವಾದಾಗ ನಿಜವಾದ ಕೊಲೆಗಾರ ಯಾರೆಂದು ಯಾರಿಗೂ ತಿಳಿದಿರಲಿಲ್ಲ. 2019ರಲ್ಲಿ ಹಳೆಯ ಸಾಕ್ಷ್ಯಗಳ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ಆತ ಬೇರೊಂದು ಕೊಲೆಗಾಗಿ ಆಗಲೇ ಜೈಲಿನಲ್ಲಿದ್ದ! ಆದರೆ ಈ ಕೊಲೆಗಳ ವಿಚಾರಣೆಯ ಕಾಲಮಿತಿ ಮುಗಿದುಹೋಗಿತ್ತು. ಇದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. ಆ ಕೊಲೆಗಳಲ್ಲಿ ಒಂದಕ್ಕೆ ನಿರಪರಾಧಿಯೊಬ್ಬ ಸುಮಾರು 20 ವರ್ಷ ಜೈಲಿನಲ್ಲಿ ಕಳೆದಿದ್ದ. ಮರುವಿಚಾರಣೆಯಲ್ಲಿ ಆತ ನಿರ್ದೋಷಿ ಎಂದು ತೀರ್ಪು ಬಂದದ್ದು 2020ರಲ್ಲಿ. ಇಷ್ಟು ತಿಳಿದುಕೊಂಡು ‘ಸಿಗ್ನಲ್’ ನೋಡಿ. ಪಾತ್ರಗಳು ಆತುರಪಟ್ಟು ಯಾರನ್ನೋ ಹಿಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುತ್ತದೆ.

ಅಮೆರಿಕದ ‘ಮೈಂಡ್‌ಹಂಟರ್’ (ನೆಟ್‌ಫ್ಲಿಕ್ಸ್, 2017 ಮತ್ತು 2019, ಒಟ್ಟು 19 ಕಂತು) ಹಿಡಿಯುವ ಕೆಲಸವನ್ನೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಇಲ್ಲಿ ಹಂತಕರು ಜೈಲಿನಲ್ಲೇ ಇದ್ದಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಎಫ್‌ಬಿಐನ ಇಬ್ಬರು ಟೇಪ್ ರೆಕಾರ್ಡರ್ ಹಿಡಿದು ಅವರ ಎದುರು ಕೂರುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಎಫ್‌ಬಿಐ ಅಧಿಕಾರಿಯಾಗಿದ್ದ ಜಾನ್ ಡಗ್ಲಾಸ್ ಅವರ ಪುಸ್ತಕ ಇದಕ್ಕೆ ಆಧಾರ. ಒಂದು ಕೋಣೆ, ಒಂದು ಮೇಜು, ಮಾತು. ಅಷ್ಟರಲ್ಲೇ ಬೆವರು ಬರುತ್ತದೆ. ಮನಶ್ಶಾಸ್ತ್ರ ಓದುತ್ತಿರುವವರಿಗೆ ಇದು ಹಬ್ಬ. ಮೂರನೇ ಸೀಸನ್ ಬರಲಿಲ್ಲ ಎಂಬುದೊಂದೇ ಕೊರತೆ.

ಇನ್ನು ದೆವ್ವಗಳ ಸರದಿ

ಹಾರರ್‌ನಲ್ಲೂ ನನ್ನ ಪರೀಕ್ಷೆ ಅದೇ. ಬಾಗಿಲು ಕಿರ್ರೆಂದು, ದಢಾರನೆ ಸದ್ದಾಗಿ ನಾವು ಹಾರಿಬೀಳುವುದು ಭಯವಲ್ಲ, ಬೆಚ್ಚುವುದು. ಸೌಂಡ್ ಮ್ಯೂಟ್ ಮಾಡಿದರೆ ಆ ದೆವ್ವ ಸತ್ತೇಹೋಗುತ್ತದೆ.

‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (ನೆಟ್‌ಫ್ಲಿಕ್ಸ್, 2018, 10 ಕಂತು) ಹಾಗಲ್ಲ. ಬಾಲ್ಯದ ಒಂದು ಬೇಸಿಗೆಯನ್ನು ಹಳೆಯ ಬಂಗಲೆಯಲ್ಲಿ ಕಳೆದ ಐವರು ಒಡಹುಟ್ಟಿದವರು ದೊಡ್ಡವರಾದ ಮೇಲೂ ಆ ಮನೆಯಿಂದ ಬಿಡಿಸಿಕೊಳ್ಳಲಾಗದ ಕಥೆ. ಒಬ್ಬ ಅದನ್ನೇ ಪುಸ್ತಕ ಬರೆದು ಹಣ ಮಾಡುತ್ತಾನೆ, ಇನ್ನೊಬ್ಬ ಮಾದಕ ವ್ಯಸನಕ್ಕೆ ಬಿದ್ದಿದ್ದಾನೆ. ಅಮ್ಮನನ್ನು ಕಳೆದುಕೊಂಡ ದುಃಖವೇ ಇಲ್ಲಿ ದೆವ್ವ. ನಿರ್ದೇಶಕ ಮೈಕ್ ಫ್ಲನಗನ್ ಹಿನ್ನೆಲೆಯ ಕತ್ತಲಲ್ಲಿ, ಮೆಟ್ಟಿಲ ಸಂದಿಯಲ್ಲಿ ಸದ್ದಿಲ್ಲದೆ ದೆವ್ವಗಳನ್ನು ನಿಲ್ಲಿಸಿದ್ದಾರೆ. ಮೊದಲ ಸಲ ನೋಡುವಾಗ ಅವು ಕಣ್ಣಿಗೆ ಬೀಳುವುದೇ ಕಡಿಮೆ. ಎರಡನೇ ಸಲ ಬಿದ್ದಾಗ ರಾತ್ರಿ ಕಾರಿಡಾರ್ ದಾಟಿ ನೀರು ತರಲು ಜೊತೆಗಾರ್ತಿ ಬೇಕಾಗುತ್ತಾಳೆ. ಬಾಗಿದ ಕತ್ತಿನ ಹೆಂಗಸು ಯಾರು ಎಂದು ಗೊತ್ತಾದ ಮೇಲೆ ಭಯ ಹೋಗಿ ಅಳು ಬರುತ್ತದೆ. ಯಾರು ಅಂತ ಹೇಳಿದರೂ ಸರಣಿ ಹಾಳಾಗದು. ಆದರೂ ಹೇಳುವುದಿಲ್ಲ, ಇಡ್ಲಿ ಸಾಲಿನ ಪಾಪ ನನಗೆ ಬೇಡ.

‘ಸಿಗ್ನಲ್’ ಬರೆದ ಕಿಮ್ ಯುನ್ ಹೀ ಅವರದೇ ಇನ್ನೊಂದು ಸರಣಿ ‘ಕಿಂಗ್‌ಡಮ್’ (ನೆಟ್‌ಫ್ಲಿಕ್ಸ್, 2019 ಮತ್ತು 2020, ತಲಾ 6 ಕಂತು). ರಾಜರ ಕಾಲದ ಕೊರಿಯಾಕ್ಕೆ ಜೊಂಬಿಗಳು ಬರುತ್ತವೆ. ಆದರೆ ರೋಗ ಹರಡುವುದು ಹೇಗೆ ಗೊತ್ತೇ? ಹಸಿವಿನಿಂದ. ಬರಗಾಲದಲ್ಲಿ ಕಂಗೆಟ್ಟ ಜನ ಏನು ಎಂದು ತಿಳಿಯದೆ ಒಂದು ಪಾತ್ರೆಯ ಸಾರು ಕುಡಿಯುತ್ತಾರೆ. ಅರಮನೆಯಲ್ಲಿ ಮಾತ್ರ ಅಧಿಕಾರದ ಜಗಳ ನಿಂತಿಲ್ಲ. ಓಡಿ ಬರುವ ಹೆಣಗಳಿಗಿಂತ ಊಟದ ಬಟ್ಟಲಿನ ಆ ದೃಶ್ಯವೇ ಹೆಚ್ಚು ಕಾಡುತ್ತದೆ.

ಕನ್ನಡದಲ್ಲಿ ಏನೂ ಇಲ್ಲವೇ ಎಂದು ಕೇಳುವವರಿಗೆ: ಒಟಿಟಿ ಎಂಬ ಪದ ಹುಟ್ಟುವ ಮೊದಲೇ ಇತ್ತು. ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬಂದ, ಸದಾನಂದ ಸುವರ್ಣ ನಿರ್ದೇಶನದ ‘ಗುಡ್ಡದ ಭೂತ’ದ ಹೆಸರು ಹೇಳಿದರೆ ಅಪ್ಪನ ವಯಸ್ಸಿನವರು ಈಗಲೂ ಅದರ ಶೀರ್ಷಿಕೆ ಗೀತೆಯ ರಾಗ ಎಳೆಯುತ್ತಾರೆ. ಪ್ರಕಾಶ್ ರೈ ಆಗ ಹೊಸ ಹುಡುಗ. ಊರಿಗೆ ಊರೇ ಒಂದು ಟಿವಿ ಮುಂದೆ ಕೂತು, ಮುಗಿದ ಮೇಲೆ ಕತ್ತಲಲ್ಲಿ ಮನೆಗೆ ಹೋಗಲು ಹೆದರಿದ ಕಥೆಯನ್ನು ಅಪ್ಪ ಸರಣಿಗಿಂತ ಚೆನ್ನಾಗಿ ಹೇಳುತ್ತಾರೆ. ಈಚಿನದು ಬೇಕೆಂದರೆ 2025ರಲ್ಲಿ ಜೀ5ಗೆ ಬಂದ ‘ಅಯ್ಯನ ಮನೆ’ ಇದೆ. ರಮೇಶ್ ಇಂದಿರಾ ನಿರ್ದೇಶನ, ಖುಷಿ ರವಿ ಮುಖ್ಯ ಪಾತ್ರ. ಸೊಸೆಯಂದಿರು ಒಬ್ಬೊಬ್ಬರಾಗಿ ಸಾಯುವ ಮನೆಗೆ ಹೊಸ ಸೊಸೆಯಾಗಿ ಕಾಲಿಡುವ ಜಾಜಿಯ ಕಥೆ. ಗಂಡನ ಮನೆ ಎಂಬುದೇ ಅರ್ಧ ಹಾರರ್ ಎಂದು ನಮ್ಮ ಹಾಸ್ಟೆಲ್ ಹುಡುಗಿಯರು ನಕ್ಕಿದ್ದು ಬರೀ ತಮಾಷೆಗಲ್ಲ.

ಎಣಿಸಿ ನೋಡು ಅಂದರು ಅಪ್ಪ

ಇಷ್ಟೆಲ್ಲ ನೋಡಿದ ಮೇಲೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಬಿಟ್ಟು ಪಿಎಸ್‌ಐ ಪರೀಕ್ಷೆ ಬರೆಯಲೇ ಎಂಬ ಆಸೆ ನನ್ನಲ್ಲೂ ಮೊಳೆತಿದೆ. ನಮ್ಮ ಬ್ಯಾಚಿನಲ್ಲೇ ಅಂಥವರು ಬೇಕಾದಷ್ಟು ಮಂದಿ ಇದ್ದಾರೆ. ಅಪ್ಪನನ್ನು ಕೇಳಿದೆ. ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ‘ಡೆಲ್ಲಿ ಕ್ರೈಂ ಇನ್ನೊಂದು ಸಲ ನೋಡು. ಈ ಸಲ ಕೇಸು ಬಿಟ್ಟು, ಆಯಮ್ಮ ಎಷ್ಟು ಸಲ ಮನೆಗೆ ಹೋಗ್ತಾಳೆ ಅಂತ ಎಣಿಸು’ ಅಂದರು.

ನೋಡಿದೆ. ವರ್ತಿಕಾ ಠಾಣೆಯಲ್ಲೇ ಉಳಿಯುತ್ತಾರೆ. ಈ ದೇಶದಲ್ಲಿ ಇರಲಾರೆ, ಹೊರಗೆ ಹೋಗುತ್ತೇನೆ ಎನ್ನುವ ಮಗಳ ಜೊತೆ ಮಾತಾಡುವುದು ಎರಡು ಕೆಲಸಗಳ ಸಂದಿಯಲ್ಲಿ. ‘ಪಾತಾಳ್ ಲೋಕ್’ನ ಹಾಥಿರಾಮ್‌ಗೆ ಮಗನ ಶಾಲೆಯಲ್ಲಿ ಏನಾಗುತ್ತಿದೆ ಎಂಬುದೇ ತಿಳಿಯದು. ಮೊದಲ ಸಲ ನೋಡುವಾಗ ಈ ದೃಶ್ಯಗಳು ಬಂದರೆ ನಾವು ಹತ್ತು ಸೆಕೆಂಡು ಮುಂದಕ್ಕೆ ಓಡಿಸುವ ಬಟನ್ ಒತ್ತುತ್ತೇವೆ. ‘ಫ್ಯಾಮಿಲಿ ಸೀನ್, ಬೋರು’ ಅಂತ.

ನಮ್ಮ ಮನೆಯ ಗಣೇಶನ ಹಬ್ಬದ ಫೋಟೊಗಳಲ್ಲಿ ಅಪ್ಪ ಇಲ್ಲ. ಪ್ರತಿ ವರ್ಷ ಬಂದೋಬಸ್ತ್. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅವರು ಕೋರ್ಟಿಗೆ ಸಾಕ್ಷಿಯನ್ನು ಕರೆದೊಯ್ದಿದ್ದರು. ಚಿಕ್ಕವಳಿದ್ದಾಗ ಇದಕ್ಕೆಲ್ಲ ಸಿಟ್ಟು ಬರುತ್ತಿತ್ತು. ಈಗ ತೆರೆಯ ಮೇಲಿನ ಅಪರಿಚಿತ ಪೊಲೀಸರ ಮನೆಗಳನ್ನು ನೋಡುತ್ತ, ಠಾಣೆಯ ಆ ಕಡೆಯಿಂದ ನಮ್ಮ ಮನೆ ಹೇಗೆ ಕಂಡಿರಬಹುದು ಎಂದು ಯೋಚಿಸುತ್ತೇನೆ. ಪರೀಕ್ಷೆ ಬರೆಯಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಬರೆದರೆ ಗಾಗಲ್ ನೋಡಿ ಬರೆಯುವುದಿಲ್ಲ ಎಂಬುದಂತೂ ಖಾತ್ರಿ.

ನೋಡುವ ಮೊದಲು ಇಷ್ಟು

ಕೆಲವು ಹಾಸ್ಟೆಲ್ ಸೂತ್ರಗಳು. ಪ್ರತಿ ಕಂತಿನ ಕೊನೆಯಲ್ಲಿ ಒಂದು ಕೊಕ್ಕೆ ಇರುತ್ತದೆ, ಮುಂದಿನ ಕಂತಿಗೆ ನಮ್ಮನ್ನು ಎಳೆಯಲಿಕ್ಕೆ. ಹಾಗಾಗಿ ಕಂತು ಮುಗಿದಾಗ ನಿಲ್ಲಿಸಬೇಡಿ. ಮುಂದಿನ ಕಂತಿನ ಹತ್ತು ನಿಮಿಷ ನೋಡಿ ನಿಲ್ಲಿಸಿ. ಅಷ್ಟರಲ್ಲಿ ಕೊಕ್ಕೆ ಸಡಿಲವಾಗಿರುತ್ತದೆ, ನಿದ್ದೆಯೂ ಬರುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ಹಾರರ್ ನೋಡಬೇಡಿ, ಅದು ಹಾಸ್ಯವಾಗಿಬಿಡುತ್ತದೆ. ಡಬ್ಬಿಂಗ್‌ಗಿಂತ ಮೂಲ ಭಾಷೆ ಮತ್ತು ಸಬ್‌ಟೈಟಲ್ ಒಳ್ಳೆಯದು. ಠಾಣೆಯ ಮಲಯಾಳಂ, ಕೊರಿಯಾದ ಪಿಸುಮಾತು ಎಲ್ಲವೂ ಕಥೆಯ ಭಾಗವೇ.

ಇಲ್ಲಿ ಹೇಳಿದವು ಮಕ್ಕಳಿಗಲ್ಲ, ದೊಡ್ಡವರಿಗಾಗಿಯೇ ಮಾಡಿದವು. ‘ಡೆಲ್ಲಿ ಕ್ರೈಂ’, ‘ದಹಾಡ್’ ಮನಸ್ಸನ್ನು ಕಲಕುತ್ತವೆ. ಮನಸ್ಸು ಮೊದಲೇ ಭಾರವಾಗಿದ್ದರೆ ಇನ್ನೊಂದು ವಾರ ಬಿಟ್ಟು ನೋಡಿ, ಸರಣಿ ಎಲ್ಲೂ ಓಡಿಹೋಗುವುದಿಲ್ಲ. ಒಬ್ಬರೇ ನೋಡುವ ಬದಲು ಮಾತಾಡಲು ಒಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಶುರು ಎಲ್ಲಿಂದ ಎಂದರೆ, ಈ ವಾರಾಂತ್ಯಕ್ಕೆ ‘ಕೇರಳ ಕ್ರೈಂ ಫೈಲ್ಸ್’. ಮೂರು ಗಂಟೆಯ ಕೆಲಸ. ಸೆಮಿಸ್ಟರ್ ರಜೆಗೆ ‘ದಹಾಡ್’, ಮನೆಯವರ ಜೊತೆ. ಕೊಲೆಗಾರ ಯಾರೆಂದು ಯಾರಾದರೂ ಮೊದಲೇ ಹೇಳಿಬಿಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಹೇಳಿದ್ದು ಬರೀ ಒಂದು ಹೆಸರು.